ಒರೆಸಿ, ಒಣಗಿಸಿ, ಎತ್ತಿಟ್ಟದ್ದು

ಇಪ್ಪತ್ತನಾಲ್ಕು ವರ್ಷ ನಾನು ಬೇರೆಯವರು ಬಳಸಿದ ಡ್ರಿಲ್ಲು, ಗ್ರೈಂಡರುಗಳನ್ನು ಒರೆಸಿ ಎತ್ತಿಟ್ಟೆ. ಅಷ್ಟು ವರ್ಷಗಳಲ್ಲಿ ನಾನೇ ಒಂದು ಗೋಡೆಗೆ ತೂತು ಕೊರೆದವಳಲ್ಲ, ಒಂದು ಕೊಳವೆ ಕತ್ತರಿಸಿದವಳಲ್ಲ. ಫಿಟ್ಟರುಗಳ ಕೆಲಸ ಮುಗಿದ ಮೇಲೆ ನನ್ನ ಕೆಲಸ ಶುರುವಾಗುತ್ತಿತ್ತು. ಈಗ ಇಂಥ ಸ್ಟೋರುಗಳಿಗೆ ಹೊಸದಾಗಿ ಸೇರುವವರು ಸಿಕ್ಕಾಗ, "ಅಕ್ಕಾರ, ಕೀಲಿ ಹಾಕೂದು ತೆಗಿಯೂದು ಬಿಟ್ರ ಇದರಾಗ ಏನೈತ್ರಿ?" ಎಂದು ಕೇಳುತ್ತಾರೆ. ಏನಿದೆ ಎಂಬುದನ್ನು ನೆನಪಿದ್ದಷ್ಟು ಬರೆದಿಡುತ್ತಿದ್ದೇನೆ.

ನನ್ನ ಹೆಸರು ಹಸೀನಾ. ಬೆಟಗೇರಿಯವಳು. ಅಬ್ಬಾ ತಗಡಿನ ಟ್ರಂಕು ಮಾಡುವವರು, ಯಜಮಾನರು ಮಗ್ಗದ ಕೆಲಸದವರು. ಪಿಯುಸಿ ಓದಿದ್ದೆ, ಅಕ್ಷರ ದುಂಡಗಿತ್ತು. ಅಷ್ಟನ್ನೇ ನೋಡಿ, ಕುಡಿಯುವ ನೀರಿನ ಪಂಪು, ಕೊಳವೆಗಳ ದುರಸ್ತಿ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿ ನನ್ನನ್ನು ಸ್ಟೋರಿಗೆ ತೆಗೆದುಕೊಂಡಿತು. ದೊಡ್ಡ ಸ್ಟೋರು ಗದಗಿನಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೊಂದು ಸಣ್ಣ ಸ್ಟೋರು. ನಮ್ಮ ಕಡೆ ನಲ್ಲಿಗೆ ನೀರು ದಿನ ಬಿಟ್ಟು ದಿನವೂ ಬರುವುದಿಲ್ಲ. ಬರುವ ದಿನವೇ ಎಲ್ಲೋ ಕೊಳವೆ ಒಡೆದರೆ ಊರಿಗೆ ಊರೇ ಕೊಡ ಹಿಡಿದು ನಿಲ್ಲುತ್ತದೆ. ಆಗ ಫಿಟ್ಟರ್ ಓಡಿ ಬಂದು ಸ್ಟೋರಿನ ಕಿಟಕಿಯಲ್ಲಿ ಕೈ ಚಾಚುತ್ತಾನೆ. ಅವನ ಕೈಗೆ ಕೊಟ್ಟ ಮಷೀನು ಗುಂಡಿ ಒತ್ತಿದೊಡನೆ ತಿರುಗಬೇಕು. ನನ್ನ ಕೆಲಸ ಅಷ್ಟೇ.

ಮೊದಲ ದಿನ ಬಾಗಿಲು ತೆಗೆದಾಗ ಕಂಡದ್ದು ನೆಲದ ಮೇಲಿನ ಒಂದು ರಾಶಿ. ಡ್ರಿಲ್ಲುಗಳ ಕುತ್ತಿಗೆಗೆ ಅವುಗಳ ವೈರನ್ನೇ ಬಿಗಿಯಾಗಿ ಸುತ್ತಿ ಗೋಣಿಚೀಲದಲ್ಲಿ ತುರುಕಿದ್ದರು. ವೈರು ಮಡಚಿದಲ್ಲೆಲ್ಲ ಸಿಪ್ಪೆ ಒಡೆದು ತಾಮ್ರ ಇಣುಕುತ್ತಿತ್ತು. ಗ್ರೈಂಡರುಗಳ ಮೇಲೆ ಸಿಮೆಂಟು ಕಲ್ಲಾಗಿ ಕೂತಿತ್ತು. ನಾನು ನೋಡುತ್ತ ನಿಂತಿರುವಾಗ ಹಿಂದಿನಿಂದ ಒಬ್ಬರು ಬಂದು ರಾಶಿಯಿಂದ ಒಂದು ಡ್ರಿಲ್ಲನ್ನು ವೈರು ಹಿಡಿದು ಬಾವಿಯಿಂದ ಕೊಡ ಎಳೆದ ಹಾಗೆ ಎಳೆದರು. ಅವರೇ ಈರಪ್ಪ ಮೇಸ್ತ್ರಿ. ಶಿರಹಟ್ಟಿಯವರು, ಎಲ್ಲ ಫಿಟ್ಟರುಗಳಿಗೂ ಹಿರಿಯರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

"ನೀವು ಇಲ್ಲೇನ್ ಮಾಡ್ತೀರಿ?" ಎಂದರು.

"ಸ್ಟೋರ್ ನೋಡ್ಕೋತೀನ್ರಿ."

"ನೋಡ್ರಿ. ಬೇಕಾದಾಗ ನಾವ ತಗೋತೇವಿ, ಕೆಲಸ ಆದಮ್ಯಾಲ ನಾವ ಒಗಿತೇವಿ. ನೋಡಾಕ ಮತ್ತೇನೂ ಇಲ್ಲ ಇದರಾಗ."

ಆ ಮಾತು ನನಗೆ ನಾಟಿತು. ಮನೆಯಲ್ಲಿ ಒಂದು ತಟ್ಟೆಯನ್ನೂ ಒದ್ದೆಯಾಗಿ ಇಡಬಾರದು ಎನ್ನುವ ತಾಯಿಯ ಮಗಳು ನಾನು. ಒಂದು ವಾರ ಕೂತು ಸಿಮೆಂಟು ಕೆರೆದೆ, ಎಲ್ಲವನ್ನೂ ಒರೆಸಿದೆ. ಆಮೇಲೆ ನಾನು ಮಾಡಿದ ಜಾಣತನವೇ ನನ್ನ ಮೊದಲ ದೊಡ್ಡ ತಪ್ಪು.

ಮಳೆಗಾಲ ಶುರುವಾಗಿತ್ತು. ಕೊಳವೆಯ ಗುಂಡಿಯಲ್ಲಿ ಕೆಸರು ನೀರಿನಲ್ಲಿ ನಿಂತು ಕೆಲಸ ಮಾಡಿ ಬಂದವರು ಮಷೀನುಗಳನ್ನು ತೊಯ್ದ ಹಾಗೇ ತಂದು ಇಡುತ್ತಿದ್ದರು. ಬೆಟಗೇರಿಯಲ್ಲಿ ಸೀರೆ ಹಾಕುವ ಪ್ಲಾಸ್ಟಿಕ್ ಚೀಲಗಳಿಗೆ ಬರವಿಲ್ಲ. ಒಂದು ಕಟ್ಟು ತಂದೆ. ಒಂದೊಂದು ಮಷೀನನ್ನೂ ಮೇಲಷ್ಟೇ ಒರೆಸಿ, ಚೀಲದಲ್ಲಿ ಹಾಕಿ, ಬಾಯಿಗೆ ರಬ್ಬರು ಬಿಗಿದು, ಅಬ್ಬಾ ಮಾಡಿಕೊಟ್ಟ ದೊಡ್ಡ ಟ್ರಂಕಿನಲ್ಲಿ ಸಾಲಾಗಿ ಜೋಡಿಸಿದೆ. ಧೂಳಿಲ್ಲ, ಗಾಳಿಯಿಲ್ಲ, ಇಲಿಯಿಲ್ಲ. ಈರಪ್ಪ ಮೇಸ್ತ್ರಿಯನ್ನು ಕರೆದು ತೋರಿಸಿದೆ ಕೂಡ.

ಮೂರು ವಾರದ ಮೇಲೆ ಟ್ರಂಕು ತೆಗೆದಾಗ ಚೀಲಗಳ ಒಳಮೈಯಲ್ಲಿ ಬೆವರಿನ ಹಾಗೆ ಹನಿ ಕಟ್ಟಿತ್ತು. ಡ್ರಿಲ್ಲಿನ ಬಾಯಿ, ಅಂದರೆ ಬಿಟ್ ಎಂಬ ಕೊರೆಯುವ ಮೊನೆಯನ್ನು ಹಿಡಿಯುವ ಚಕ್, ಇಟ್ಟಿಗೆ ಕೆಂಪಾಗಿತ್ತು. ತಿರುಗಿಸಿದರೆ ತಿರುಗದು. ಹನ್ನೊಂದು ಮಷೀನುಗಳಲ್ಲಿ ಎಂಟಕ್ಕೆ ತುಕ್ಕು. ಗೋಣಿಚೀಲದಲ್ಲಿ ಬಿದ್ದಿದ್ದಾಗಲೂ ಅವು ಇಷ್ಟು ಕೆಟ್ಟಿರಲಿಲ್ಲ.

"ಸೀರಿ ಉಡಿಸಿ ಇಟ್ಟಿದ್ರೆಲ್ಲ, ಹ್ಯಾಂಗ ಅದಾವು?" ಎಂದು ಈರಪ್ಪ ಮೇಸ್ತ್ರಿ ಕೇಳಿದರು. ಫಿಟ್ಟರುಗಳೆಲ್ಲ ನಕ್ಕರು. ನಾನು ಆ ದಿನ ಊಟದ ಡಬ್ಬಿ ತೆಗೆಯಲಿಲ್ಲ.

ಮನೆಗೆ ಹೋಗಿ ಅಬ್ಬಾಗೆ ಹೇಳಿದೆ. ಮನೆಯಲ್ಲಿ ನಾವು ಆಡುವುದು ಉರ್ದು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: "ಮಗಳೇ, ನೀರು ಒಳಗೆ ಹೋಗದ ಹಾಗೆ ನಾನು ಪೆಟ್ಟಿಗೆ ಮಾಡಿದ್ದೇನೆ. ಒಳಗೆ ಹೋಗಲಾರದ ನೀರು ಹೊರಗೂ ಬರಲಾರದು. ನೀನು ನೀರನ್ನು ಒಳಗಿಟ್ಟು ಬೀಗ ಹಾಕಿದ್ದೀಯ." ಮರುದಿನ ಅವರೇ ಸ್ಟೋರಿಗೆ ಬಂದರು. ತಗಡಿನ ಮೇಲಿನ ತುಕ್ಕನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ ತೆಗೆದು, ಮೇಲೆ ಎಣ್ಣೆಯ ತೆಳು ಪದರ ಎಳೆಯುವುದನ್ನು ಕಲಿಸಿದರು. ಎಂಟರಲ್ಲಿ ಆರು ಮಷೀನುಗಳ ಚಕ್ ಮತ್ತೆ ತಿರುಗಿತು. ಎರಡು ಹೋದವು. ಹೋದ ಎರಡನ್ನೂ ನನ್ನ ಹೆಸರಿಗೇ ಬರೆದುಕೊಂಡೆ.

ಅಂದಿನಿಂದ ಮಾಡಿಕೊಂಡ ಪದ್ಧತಿಯನ್ನು ಕಡೆಯವರೆಗೂ ಬಿಡಲಿಲ್ಲ. ಬಂದ ಮಷೀನಿನ ಗಾಳಿಕಿಂಡಿಯಿಂದ ಬ್ಲೋವರ್ ಹಿಡಿದು ಧೂಳು ಊದಬೇಕು. ಒಣಬಟ್ಟೆಯಲ್ಲಿ ಒರೆಸಬೇಕು. ಬಾಗಿಲ ಬಳಿ ಗಾಳಿಯಾಡುವಲ್ಲಿ ತೂಗುಹಾಕಿ, ಕೈಗೆ ತಣ್ಣಗೆ ಹತ್ತುವುದು ನಿಂತ ಮೇಲೆಯೇ ಕಪಾಟಿಗೆ ಸೇರಿಸಬೇಕು. ಎಣ್ಣೆ ಬರಿಯ ಕಬ್ಬಿಣಕ್ಕೆ ಮಾತ್ರ, ಹಿಡಿಕೆಗಾಗಲಿ ಕಿಂಡಿಗಾಗಲಿ ಅಲ್ಲ. ವೈರು ಹೂವಿನ ಹಾರದಷ್ಟು ಸಡಿಲ ಇರಬೇಕು. ಬಿಟ್ಟನ್ನು ಕಳಚಿ ಬೇರೆ ಇಡಬೇಕು. ಯಾವುದೂ ನೆಲದ ಮೇಲಿರಬಾರದು, ಗೋಡೆಗೂ ತಾಗಬಾರದು. ಓದಲು ಎರಡು ನಿಮಿಷದ ಮಾತು. ಫಿಟ್ಟರುಗಳಿಗೆ ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು, ಏಕೆಂದರೆ ಕಿಟಕಿಯ ಹೊರಗೆ ಒಂದು ಬಟ್ಟೆ ಕಟ್ಟಿ, ಒರೆಸದ ಮಷೀನನ್ನು ಒಳಗೆ ತೆಗೆದುಕೊಳ್ಳುವುದಿಲ್ಲ ಎಂದು ಕೂತುಬಿಟ್ಟೆ. ಕೆಲಸದಿಂದ ದಣಿದು ಬಂದು ಬಸ್ಸಿಗೆ ಹೊರಟ ಗಂಡಸರಿಗೆ ಅದು ಹಿಡಿಸುತ್ತಿರಲಿಲ್ಲ.

ಈ ನಡುವೆ ನಮಗೆ ಎಂಜಿನಿಯರ್ ಆಗಿ ಪಾಟೀಲ ಸಾಹೇಬರು ಬಂದರು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಣ್ಣೆಯ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ. ಸ್ಟೋರು ನೋಡಿದವರೇ, "ಎಷ್ಟ್ ಒಣಗಿ ಅದಾವಲ್ರಿ ಇವು. ಎಣ್ಣಿ ಹಾಕ್ರಿ. ಕೈ ಬಿಗಿ ಹಿಡಿಬ್ಯಾಡ್ರಿ" ಎಂದರು.

"ಒಳಗ ಮೋಟಾರ್ ಐತ್ರಿ ಸಾಹೇಬರ. ಕಿಂಡ್ಯಾಗ ಎಣ್ಣಿ ಹೋದ್ರ ಧೂಳ ಹಿಡಿತೈತ್ರಿ."

"ನಾ ಹೇಳಿದಷ್ಟ ಮಾಡ್ರಿ."

ಮಾಡಿದೆ. ಆಷಾಢದ ಗಾಳಿ ಶುರುವಾಯಿತು. ಗದಗಿನ ಗಾಳಿ ಬೀಸತೊಡಗಿದರೆ ಬಾಗಿಲು ಮುಚ್ಚಿದ ಕಪಾಟಿನ ಒಳಗೂ ಮಣ್ಣು ಸಿಗುತ್ತದೆ. ಎಣ್ಣೆ ಕುಡಿದ ಮಷೀನುಗಳ ಮೇಲೆ ಅದು ಹಿಟ್ಟು ಕಲಸಿದ ಹಾಗೆ ಕೂತಿತು. ಒಂದು ದಿನ ಹುಬ್ಬಳ್ಳಿಯಿಂದ ಹಿರಿಯ ಅಧಿಕಾರಿಗಳು ಬಂದಾಗ, ನಮ್ಮ ಮಷೀನುಗಳು ಎಷ್ಟು ಸುಸ್ಥಿತಿಯಲ್ಲಿವೆ ಎಂದು ತೋರಿಸಲು ಪಾಟೀಲ ಸಾಹೇಬರು ತಾವೇ ಒಂದು ದೊಡ್ಡ ಡ್ರಿಲ್ಲು ಎತ್ತಿ ಗುಂಡಿ ಒತ್ತಿದರು. ಅದು ಒಮ್ಮೆ ನರಳಿ, ಕಿಂಡಿಯಿಂದ ಹೊಗೆ ಬಿಟ್ಟು, ಕಪ್ಪು ಕೆಸರನ್ನು ಅವರ ಬಿಳಿ ಅಂಗಿಯ ಮೇಲೆಲ್ಲ ಸಿಡಿಸಿ ಸತ್ತುಹೋಯಿತು. ಯಾರೂ ನಗಲಿಲ್ಲ. ಈರಪ್ಪ ಮೇಸ್ತ್ರಿ ಮಾತ್ರ ಹೊರಗೆ ಹೋಗಿ ಬಹಳ ಹೊತ್ತು ಕೆಮ್ಮಿದರು.

ಪಾಟೀಲ ಸಾಹೇಬರು ಮರುದಿನ ಬೆಳಿಗ್ಗೆ ಸ್ಟೋರಿಗೆ ಬಂದು ಎಣ್ಣೆಯ ಕ್ಯಾನನ್ನು ನನ್ನ ಮೇಜಿನ ಮೇಲಿಟ್ಟರು. "ಇನ್ಮ್ಯಾಲ ಇದು ನಿಮ್ಮ ಕೈಯಾಗ ಇರ್ಲಿ" ಎಂದು ಹೋದರು. ತಪ್ಪಾಯಿತು ಎಂದು ಹೇಳುವ ಅವರ ರೀತಿ ಅದು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ದಿನ. ಆಮೇಲೆ ಉಳಿದ ಮೂರು ಊರಿನ ಸ್ಟೋರುಗಳನ್ನು ತಿಂಗಳಿಗೊಮ್ಮೆ ನೋಡಿ ಬರುವ ಕೆಲಸವನ್ನೂ ಅವರೇ ನನಗೆ ವಹಿಸಿದರು.

ಮುಂಡರಗಿಯ ಸಂಗತಿ ನಡೆದದ್ದು ಹಾಗೆ ಹೋಗತೊಡಗಿದ ಮೇಲೆ. ಅಲ್ಲಿಯ ಸ್ಟೋರು ನೋಡಿಕೊಳ್ಳುತ್ತಿದ್ದವರು ದ್ಯಾಮಪ್ಪ ಎಂಬ ಹಿರಿಯರು. ಓದು ಬರಹ ಇಲ್ಲ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು. ಆದರೂ ಮುಂಡರಗಿಯ ಮಷೀನುಗಳಿಗೆ ಹದಿನೈದು ದಿನಕ್ಕೊಮ್ಮೆ ತುಕ್ಕು. ಅದೂ ಬಿರು ಬೇಸಿಗೆಯಲ್ಲಿ, ಕೊಡದ ನೀರೂ ಆವಿಯಾಗುವ ಕಾಲದಲ್ಲಿ. ಗದಗಿನಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಗ್ರೈಂಡರನ್ನು ಅಲ್ಲಿಗೆ ಕಳಿಸಿದರೆ ಒಂದೇ ತಿಂಗಳಲ್ಲಿ ಅದರ ತಿರುಪುಗಳು ಕೆಂಪು ಪುಡಿ ಉದುರಿಸುತ್ತಿದ್ದವು. ಒಂದು ಬೆಳಿಗ್ಗೆ ಮುಖ್ಯ ಕೊಳವೆ ಒಡೆದಾಗ ಮುಂಡರಗಿಯ ಎರಡೂ ಗ್ರೈಂಡರು ತಿರುಗಲಿಲ್ಲ. ಗದಗಿನಿಂದ ಮಷೀನು ಹೋಗಿ ಮುಟ್ಟುವವರೆಗೆ ಜನ ರಸ್ತೆಯಲ್ಲಿ ಕೊಡ ಇಟ್ಟು ಕೂತಿದ್ದರು. ಪಾಟೀಲ ಸಾಹೇಬರಿಗೆ ಸಿಟ್ಟು ಬಂತು.

"ಆ ದ್ಯಾಮಪ್ಪಗ ವಯಸ್ಸಾತು. ಕೈಯಾಗ ಆಗವಲ್ದು. ಈ ತಿಂಗಳ ಕಡೀಕ ಬಿಡಿಸಿಬಿಡ್ತೇನಿ" ಎಂದರು.

"ಒಂದ್ ಸಲ ನಾ ಹೋಗಿ ಕುಂತು ನೋಡಿ ಬರ್ತೀನ್ರಿ" ಎಂದೆ.

ಡಂಬಳದ ಮೇಲೆ ಹೋಗುವ ಬಸ್ಸು ಹಿಡಿದೆ. ದ್ಯಾಮಪ್ಪ ಬಾಗಿಲಲ್ಲೇ ನಿಂತಿದ್ದರು. ಖಬರ್ ಮುಟ್ಟಿತ್ತೆಂದು ಕಾಣುತ್ತದೆ.

"ನನ್ನ ಬಿಡಸ್ತಾರಂತಲ್ರಿ, ಅಕ್ಕಾರ?"

"ಇನ್ನೂ ಏನೂ ಆಗಿಲ್ಲ. ನೀವು ಹ್ಯಾಂಗ ಇಡ್ತೀರಿ ನಂಗ ತೋರಸ್ರಿ."

ತೋರಿಸಿದರು. ಊದಿದರು, ಒರೆಸಿದರು, ಬಿಸಿಲ ಗಾಳಿಗೆ ಇಟ್ಟರು, ಎಣ್ಣೆ ಎಳೆದರು. ನನಗಿಂತ ನಿಧಾನ, ನನಗಿಂತ ಚೊಕ್ಕ. "ದಿನಾ ಎರಡ ಸಲ ಒರಸ್ತೇನ್ರಿ. ಒರಸಿದಷ್ಟೂ ಬರ್ತೈತಿ ಈ ಜಂಗ. ನಂಗ ತಿಳಿವಲ್ದು" ಎಂದರು. ತುಕ್ಕಿಗೆ ನಮ್ಮ ಕಡೆ ಜಂಗ ಎನ್ನುತ್ತಾರೆ. ಅವರ ಬೆರಳ ಸಂದಿಯಲ್ಲೂ ಅದರ ಕೆಂಪು ಕೂತಿತ್ತು.

ನಾನು ಆ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಸುಮ್ಮನೆ ಕೂತೆ. ಛಾವಣಿ ಸೋರುತ್ತಿರಲಿಲ್ಲ, ನೆಲ ಒಣಗಿತ್ತು. ರೊಟ್ಟಿ ತಿನ್ನಲು ಡಬ್ಬಿ ತೆಗೆದಾಗ ಗಂಟಲಲ್ಲಿ ಏನೋ ಕೆರೆದ ಹಾಗಾಯಿತು. ಸಣ್ಣಗೆ, ಬಟ್ಟೆ ಬಿಳಿ ಮಾಡುವ ಪುಡಿಯ ಘಾಟು. ದ್ಯಾಮಪ್ಪನವರಿಗೆ ಅದು ರೂಢಿಯಾಗಿ ಮೂಗಿಗೆ ಹತ್ತುತ್ತಲೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಏನಿದೆ ಎಂದು ಕೇಳಿದೆ.

"ನೀರಿನ ಟಾಕಿಗೆ ಹಾಕೂ ಬ್ಲೀಚಿಂಗ್ ಪೌಡರ್ ಚೀಲಾರಿ. ಹ್ವಾದ ವರ್ಷ ತಂದು ಒಟ್ಯಾರ."

ಎದ್ದು ನೋಡಿದೆ. ಎರಡು ಕೋಣೆಗಳ ನಡುವಿನ ಗೋಡೆ ಛಾವಣಿ ಮುಟ್ಟಿರಲಿಲ್ಲ. ಮೇಲೆ ಒಂದು ಮೊಳ ಖಾಲಿ. ಅಲ್ಲಿಂದ ಇಳಿಯುವ ಪುಡಿಯ ಘಾಟೇ ಕಬ್ಬಿಣ ತಿನ್ನುತ್ತಿದೆ ಎನಿಸಿತು.

ಬಾಯಿಂದ ಹೇಳಿದರೆ ಸಾಹೇಬರು ಒಪ್ಪುವವರಲ್ಲ. ಅಂಗಡಿಯಿಂದ ಹೊಸ ಮೊಳೆ ತರಿಸಿದೆ. ನಾಲ್ಕು ಮೊಳೆಗಳನ್ನು ನಾಲ್ಕು ಕಡೆ ಇಟ್ಟೆ: ಮಷೀನಿನ ಕಪಾಟಿನಲ್ಲಿ ಒಂದು, ಪೌಡರ್ ಕೋಣೆಯಲ್ಲಿ ಒಂದು, ಹೊರಗಿನ ಪಡಸಾಲೆಯಲ್ಲಿ ಒಂದು, ದ್ಯಾಮಪ್ಪನವರ ಮನೆಯ ಗೋಡೆಯ ಮಾಡದಲ್ಲಿ ಒಂದು. ಎಂಟು ದಿನ ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದೆ. ಎಂಟನೆಯ ದಿನ ಪಾಟೀಲ ಸಾಹೇಬರನ್ನೇ ಜೊತೆಗೆ ಕರೆದುಕೊಂಡು ಹೋದೆ. ಮನೆಯ ಮೊಳೆ ಹೊಸದರ ಹಾಗೆಯೇ ಇತ್ತು. ಪಡಸಾಲೆಯದೂ ಅಷ್ಟೇ. ಕಪಾಟಿನ ಮೊಳೆ ಕಂದು. ಪೌಡರ್ ಕೋಣೆಯ ಮೊಳೆಯನ್ನು ಸಾಹೇಬರು ಎತ್ತಿಕೊಂಡರೆ ಅವರ ಬೆರಳಿಗೆ ಕೆಂಪು ಪುಡಿ ಹತ್ತಿತು.

ಸಾಹೇಬರು ನಾಲ್ಕೂ ಮೊಳೆಗಳನ್ನು ಅಂಗೈಯಲ್ಲಿ ಸಾಲಾಗಿ ಇಟ್ಟು ನೋಡಿದರು. ಆಮೇಲೆ, "ದ್ಯಾಮಪ್ಪ, ಆ ಚೀಲ ಎಲ್ಲ ಇವತ್ತ ಹೊರಗಿನ ಶೆಡ್ಡಿಗೆ ಹೋಗ್ಲಿ. ನಾಲ್ಕ್ ಮಂದಿ ಕಳಸ್ತೇನಿ" ಎಂದರು.

"ನಾ ಇರ್ಲೇನ್ರಿ ಸಾಹೇಬರ?"

"ಇರ್ರಿ. ಇರಾಕ ಹೇಳೇ ಬಂದೇನಿ."

ದ್ಯಾಮಪ್ಪ ಆಮೇಲೂ ಹಲವು ವರ್ಷ ಅಲ್ಲಿದ್ದರು. ಮುಂಡರಗಿಯ ಮಷೀನುಗಳು ನಾಲ್ಕೂ ಊರಿನಲ್ಲಿ ಒಳ್ಳೆಯವು ಎಂದು ಹೆಸರಾದವು. ನಾನು ಹೋದಾಗಲೆಲ್ಲ ಅವರ ಹೆಂಡತಿ ಶೇಂಗಾ ಹೋಳಿಗೆ ಕಟ್ಟಿಕೊಡುತ್ತಿದ್ದರು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ತುಕ್ಕು ಕಂಡರೆ ಮೊದಲು ಕೋಣೆಯನ್ನು ನೋಡಿ, ಆಮೇಲೆ ಮನುಷ್ಯನನ್ನು ನೋಡಿ.

ಇದನ್ನೆಲ್ಲ ಬರೆದ ಮೇಲೆ ಲಕ್ಷ್ಮೇಶ್ವರದ್ದನ್ನು ಬಿಟ್ಟರೆ ನ್ಯಾಯವಲ್ಲ.

ಗ್ರೈಂಡರಿಗೆ ಹಾಕುವ ಕಟಿಂಗ್ ಚಕ್ರ ಕಬ್ಬಿಣದ್ದಲ್ಲ. ಹರಳಿನ ಪುಡಿಯನ್ನು ಅಂಟಿನಲ್ಲಿ ಕೂಡಿಸಿ ಒತ್ತಿದ ತೆಳು ಬಿಲ್ಲೆ ಅದು. ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಅದರ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಒಂದು ಮಳೆಗಾಲ ಕಪಾಟಿನ ತಳದ ಹಲಗೆಗೆ ಗೋಡೆಯಿಂದ ನೀರು ಇಳಿದು ಒಂದು ಪೊಟ್ಟಣದ ಚಕ್ರಗಳು ತೊಯ್ದವು. ಎಸೆಯಲು ಮನಸ್ಸು ಬರಲಿಲ್ಲ. ಹಪ್ಪಳದ ಹಾಗೆ ಬಿಸಿಲಿಗೆ ಹರವಿ ಒಣಗಿಸಿ, ಮತ್ತೆ ಪೊಟ್ಟಣಕ್ಕೆ ತುಂಬಿಟ್ಟೆ. ನೋಡಲು ಹೊಸದರ ಹಾಗೇ ಇದ್ದವು. ನೀರು ಕುಡಿದ ಅಂಟು ಒಣಗಿದರೂ ಮತ್ತೆ ಗಟ್ಟಿಯಾಗದು ಎಂದು ನನಗೆ ಆಗ ತಿಳಿದಿರಲಿಲ್ಲ.

ಕೆಲವು ತಿಂಗಳ ಮೇಲೆ ಲಕ್ಷ್ಮೇಶ್ವರದಲ್ಲಿ ಕೊಳವೆ ಒಡೆಯಿತು. ಈರಪ್ಪ ಮೇಸ್ತ್ರಿ ತಂಡದ ಜೊತೆ ಹೋದರು. ನಾನೇ ಚಕ್ರಗಳನ್ನು ಕೊಟ್ಟೆ, ಆ ಪೊಟ್ಟಣದಿಂದ. ಮಧ್ಯಾಹ್ನ ಫೋನು ಬಂತು. ಕೊಳವೆ ಕತ್ತರಿಸುವಾಗ ಚಕ್ರ ಸಿಡಿದು ಮೂರು ಚೂರಾಗಿ, ಒಂದು ಚೂರು ಈರಪ್ಪ ಮೇಸ್ತ್ರಿಯ ಎಡ ಮುಂಗೈಯನ್ನು ಸೀಳಿತ್ತು. ಇನ್ನೊಂದು ಅವರು ಕಣ್ಣಿನ ರಕ್ಷಣೆಗೆ ಹಾಕಿದ್ದ ಕನ್ನಡಕಕ್ಕೆ ಬಡಿದು ಗೀರು ಬಿಟ್ಟು ಹೋಗಿತ್ತು. ಕನ್ನಡಕ ಇರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಈಗಲೂ ಆಗುವುದಿಲ್ಲ.

ಸಂಜೆಗೆ ಮೊದಲು ಲಕ್ಷ್ಮೇಶ್ವರದ ಆಸ್ಪತ್ರೆ ಮುಟ್ಟಿದೆ. ಹೊಲಿಗೆ ಹಾಕಿ ಪಟ್ಟಿ ಕಟ್ಟಿದ್ದರು. ಅವರ ಹೆಂಡತಿ ಶಾಂತವ್ವ ಪಕ್ಕದಲ್ಲಿ ಕೂತಿದ್ದರು.

"ಮೇಸ್ತ್ರಿ, ಆ ಚಕ್ರ ತೊಯ್ದಿದ್ದವ್ರಿ. ನಾನ ಒಣಗಿಸಿ ಇಟ್ಟಿದ್ದೆ" ಎಂದೆ.

ಅವರು ನನ್ನ ಮುಖ ನೋಡಿದರು. "ಗೊತ್ತಿದ್ದು ಕೊಟ್ರ್ಯಾ?"

"ತೊಯ್ದಿದ್ದು ಗೊತ್ತಿತ್ರಿ. ಹಿಂಗ ಆಕ್ಕೈತಿ ಅಂತ ಗೊತ್ತಿರಲಿಲ್ಲ."

ಅವರು ಮುಖ ಗೋಡೆಯ ಕಡೆ ತಿರುಗಿಸಿದರು. ಶಾಂತವ್ವ ಎದ್ದು ನನಗೆ ನೀರು ಕೊಟ್ಟರು. ಕುಡಿದು ಬಂದೆ.

ಮರುದಿನ ಪಾಟೀಲ ಸಾಹೇಬರ ಮೇಜಿನ ಮೇಲೆ ವರದಿ ಅರ್ಧ ಬರೆದಿತ್ತು. ಕೆಲಸಗಾರ ಚಕ್ರವನ್ನು ಓರೆಯಾಗಿ ಒತ್ತಿದ್ದರಿಂದ ಎಂದು ಇತ್ತು. ನಾನು ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ.

"ಇದನ್ನ ನಾ ಮ್ಯಾಲ ಕಳಸ್ಬೇಕಾಕ್ಕೈತಿ" ಎಂದರು. "ನಿಮ್ಮ ನೌಕರಿ ಹೋಗಬಹುದು. ಮತ್ತೊಮ್ಮಿ ವಿಚಾರ ಮಾಡ್ರಿ."

"ನಾ ಬರೀಲಿಲ್ಲಂದ್ರ ಮೇಸ್ತ್ರಿ ತಪ್ಪ ಅಂತ ಉಳಿತೈತ್ರಿ."

ಅವರು ತಮ್ಮ ವರದಿಯನ್ನು ಹರಿದರು. ನನ್ನ ಹಾಳೆಯೇ ಮೇಲಿನವರಿಗೆ ಹೋಯಿತು. ನೌಕರಿ ಹೋಗಲಿಲ್ಲ. ಗಟ್ಟಿ ಮಾತಿನ ಒಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಎಲ್ಲೂ ಬಚ್ಚಿಡದೆ ಸ್ಟೋರಿನ ಕಡತದ ಮೊದಲ ಪುಟಕ್ಕೆ ಹಾಕಿದೆ. ಆ ಪೊಟ್ಟಣದಲ್ಲಿ ಉಳಿದಿದ್ದ ಚಕ್ರಗಳನ್ನೆಲ್ಲ ಸುತ್ತಿಗೆಯಿಂದ ಒಡೆದೆ, ಇನ್ಯಾರೂ ತೆಗೆದುಕೊಳ್ಳಬಾರದೆಂದು. ಅಂಥ ಚಕ್ರದ ನಡುವಿನ ಲೋಹದ ಉಂಗುರದ ಮೇಲೆ ಯಾವಾಗಿನವರೆಗೆ ಬಳಸಬಹುದು ಎಂದು ಸಣ್ಣದಾಗಿ ಅಚ್ಚೊತ್ತಿರುತ್ತಾರೆ. ಅಷ್ಟು ವರ್ಷ ಅದನ್ನು ಕೈಯಲ್ಲಿ ಹಿಡಿದೂ ನಾನು ಓದಿರಲಿಲ್ಲ.

ಈರಪ್ಪ ಮೇಸ್ತ್ರಿ ಒಂದೂವರೆ ತಿಂಗಳ ಮೇಲೆ ಕೆಲಸಕ್ಕೆ ಬಂದರು. ಕಿಟಕಿಯಲ್ಲಿ ನಾನು ಕೊಟ್ಟ ಚಕ್ರವನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು. ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ತಿರುಗಿ ನನ್ನ ಕಡೆ ಚಾಚಿದರು.

"ತಾರೀಖ ಓದ್ರಿ."

ಓದಿದೆ. ಚಕ್ರ ತೆಗೆದುಕೊಂಡು ಹೋದರು. ಅಲ್ಲಿಂದ ಮುಂದೆ ಎಷ್ಟೋ ತಿಂಗಳು ನಮ್ಮ ನಡುವೆ ಅಷ್ಟೇ ಮಾತು. ದಿನಾ ಬೆಳಿಗ್ಗೆ "ತಾರೀಖ ಓದ್ರಿ", ದಿನಾ ಬೆಳಿಗ್ಗೆ ನಾನು ಓದುವುದು. ನಮಸ್ಕಾರವಿಲ್ಲ, ಚಹಾಕ್ಕೆ ಕರೆಯುವುದಿಲ್ಲ. ನನಗೆ ಬೇಸರವಾಗುತ್ತಿತ್ತು, ಆದರೆ ಅವರು ತಪ್ಪು ಮಾಡುತ್ತಿದ್ದಾರೆ ಎಂದು ಅನಿಸಲಿಲ್ಲ. ಅವರನ್ನು ನೋಡಿ ಉಳಿದ ಫಿಟ್ಟರುಗಳೂ ಹಾಗೆಯೇ ಕೇಳತೊಡಗಿದರು. ನಾನು ಚಕ್ರಗಳನ್ನು ಮೇಲಿನ ಒಣ ಹಲಗೆಗೆ ಏರಿಸಿ, ಹಳೆಯದು ಮುಂದೆ ಹೊಸದು ಹಿಂದೆ ಬರುವಂತೆ, ಸಮತಟ್ಟಾಗಿ ಮಲಗಿಸಿ ಜೋಡಿಸಿದೆ.

ಒಂದು ಸಂಜೆ ಅವರು ಗ್ರೈಂಡರನ್ನು ತಂದು ಕಿಟಕಿಯಲ್ಲಿಟ್ಟರು. ಹೊರಗೆ ಕಟ್ಟಿದ ಬಟ್ಟೆಯಿಂದ ತಾವೇ ಒರೆಸಿ, ಚಕ್ರ ಕಳಚಿ, ವೈರನ್ನು ಸಡಿಲವಾಗಿ ಸುತ್ತಿದ್ದರು. ನಾನು ಹೇಳದೆ ಅವರು ಹಾಗೆ ತಂದದ್ದು ಅದೇ ಮೊದಲು.

"ಚಹಾ ಕುಡಿದ್ರೇನು?" ಎಂದರು.

"ಇಲ್ರಿ."

"ಬರ್ರಿ ಹಂಗಾರ."

ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಶಿರಹಟ್ಟಿ ಬಸ್ಸು ಈಚೆಗೆ ತಡವಾಗಿ ಬರುತ್ತದೆ ಎಂದು ಹೇಳಿದರು.

ಕಡೆಯ ಕೆಲವು ವರ್ಷಗಳಲ್ಲಿ ಬ್ಯಾಟರಿಯ ಮಷೀನುಗಳು ಬಂದವು. ವೈರೇ ಇಲ್ಲ, ಗುಂಡಿಯ ನೀರಿನಲ್ಲಿ ಕರೆಂಟಿನ ಭಯವಿಲ್ಲ. ಈರಪ್ಪ ಮೇಸ್ತ್ರಿ ಅದನ್ನು ಕೈಯಲ್ಲಿ ತೂಗಿ ನೋಡಿ, "ಆಟಿಗಿ ಸಾಮಾನ ಇದ್ದಂಗ ಐತಿ" ಎಂದವರು, ಒಂದು ವಾರದಲ್ಲಿ ಅದನ್ನು ಬೇರೆ ಯಾರಿಗೂ ಕೊಡಲು ಬಿಡದಾದರು. ನನಗೆ ಮಾತ್ರ ಹೊಸ ಪಾಠ ಶುರುವಾಯಿತು. ತುಕ್ಕಿನ ಕಾಲಕ್ಕೆ ನೀರು ಶತ್ರು, ಈಗ ಬಿಸಿಲೂ ಶತ್ರು. ಶಿರಹಟ್ಟಿಯ ಸ್ಟೋರಿಗೆ ತಗಡಿನ ಮಾಡು. ಏಪ್ರಿಲ್ ತಿಂಗಳಲ್ಲಿ ಅಲ್ಲಿಟ್ಟ ಎರಡು ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡವು. ಅವನ್ನು ಜೋಪಾನವಾಗಿ ಬೇರೆ ಮಾಡಿ ಕಳಿಸಿ, ಉಳಿದವನ್ನು ಪಂಪ್‌ಹೌಸಿನ ಕಲ್ಲುಗೋಡೆಯ ತಂಪು ಕೋಣೆಗೆ ಸಾಗಿಸಿದೆ. ಬಹಳ ದಿನ ಬಳಸದೆ ಇಡುವಾಗ ಪೂರ್ತಿ ತುಂಬಿಯೂ ಇಡಬಾರದು, ಪೂರ್ತಿ ಬರಿದಾಗಿಯೂ ಇಡಬಾರದು, ಮಷೀನಿನಿಂದ ಕಳಚಿ ಅರ್ಧ ಚಾರ್ಜಿನಲ್ಲಿ ಇಡಬೇಕು ಎಂಬುದನ್ನು ಐವತ್ತೇಳನೆಯ ವಯಸ್ಸಿನಲ್ಲಿ ಕಲಿತೆ. ಕಲಿಯಲು ಖುಷಿಯೇ ಆಯಿತು.

ಈರಪ್ಪ ಮೇಸ್ತ್ರಿ ನನಗಿಂತ ಒಂದು ವರ್ಷ ಮೊದಲು ನಿವೃತ್ತರಾದರು. ಪಾಟೀಲ ಸಾಹೇಬರು ಅದಕ್ಕೂ ಮೊದಲೇ ಹೋಗಿದ್ದರು. ನನ್ನ ಸರದಿ ಬಂದಾಗ ನನ್ನ ಜಾಗಕ್ಕೆ ಸವಿತಾ ಎಂಬ ಹೊಂಬಳದ ಹೆಣ್ಣುಮಗಳು ಬಂದಳು. ಎರಡು ಮಕ್ಕಳ ತಾಯಿ, ಮೊದಲು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿದ್ದವಳು. ಮಾತು ಕಡಿಮೆ. ಮೂರು ದಿನ ಕೂತು ಒಂದೊಂದೇ ಮಷೀನನ್ನು ನಾನು ಒಪ್ಪಿಸಿದೆ, ಅವಳು ನೋಡಿ ಒಂದೊಂದಕ್ಕೂ ಸಹಿ ಹಾಕಿದಳು. ಕಡೆಯ ದಿನ ಹಾಲ್‌ನಲ್ಲಿ ನನ್ನ ಬೀಳ್ಕೊಡುಗೆಗೆ ಕುರ್ಚಿ ಹಾಕುತ್ತಿದ್ದರು. ಒಂದೇ ಒಂದು ದೊಡ್ಡ ಗ್ರೈಂಡರು ಉಳಿದಿತ್ತು. ಸವಿತಾ ಅದರ ಮೂತಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಕಿವಿ ಹತ್ತಿರ ಹಿಡಿದು, ಮತ್ತೆ ತಿರುಗಿಸಿದಳು.

"ಇದನ್ನ ನಾ ತಗೊಳ್ಳಂಗಿಲ್ರಿ ಅಕ್ಕಾರ."

"ಯಾಕವಾ? ಹ್ವಾದ ವಾರ ನಾನ ಒರಸಿ ಇಟ್ಟೇನಿ."

"ಮ್ಯಾಲ ಚಲೋ ಐತ್ರಿ. ಒಳಗ ಬೇರಿಂಗ್ ಸಪ್ಪಳ ಮಾಡಾಕತ್ತೈತಿ. ನೀರ ಹೋಗೇತಿ."

ನನಗೆ ಸಿಟ್ಟು ಬಂದದ್ದು ನಿಜ. ಇಪ್ಪತ್ತನಾಲ್ಕು ವರ್ಷದ ಕಡೆಯ ಮಧ್ಯಾಹ್ನ ಇದನ್ನು ಕೇಳಬೇಕೇ ಎನಿಸಿತು. ಅವಳ ಕೈಯಿಂದ ತೆಗೆದುಕೊಂಡು ನಾನೂ ಕಿವಿಗೆ ಹಿಡಿದೆ. ಹಲ್ಲಿಗೆ ಮರಳು ಸಿಕ್ಕಂಥ ಸದ್ದು, ಬಹಳ ಸಣ್ಣಗೆ.

ಇಬ್ಬರೂ ಬಾಗಿಲ ಬೆಳಕಿಗೆ ಕೂತು ಬಿಚ್ಚಿದೆವು. ಒಳಗಿನ ಗ್ರೀಸು ಕಂದು ಬಣ್ಣಕ್ಕೆ ತಿರುಗಿತ್ತು. ಕೊಳವೆಯ ಗುಂಡಿಯಲ್ಲಿ ಮುಳುಗಿ ಎದ್ದ ಮಷೀನು ಅದು. ಯಾರೋ ಹೇಳದೆ ತಂದಿಟ್ಟಿದ್ದರು, ನಾನು ಮೇಲಷ್ಟೇ ಒರೆಸಿದ್ದೆ. ಸವಿತಾ ಹೊಸ ಬೇರಿಂಗ್ ಹುಡುಕಲು ಎದ್ದಳು. ಅಷ್ಟರಲ್ಲಿ ಶಿರಹಟ್ಟಿಯಿಂದ ಸಮಾರಂಭಕ್ಕೆ ಬಂದಿದ್ದ ಈರಪ್ಪ ಮೇಸ್ತ್ರಿ ನನ್ನನ್ನು ಕರೆಯಲು ಬಂದರು. ಗರಿಗರಿ ಧೋತರ, ಕೈಯಲ್ಲಿ ಹಾರದ ಪೊಟ್ಟಣ.

"ಎಲ್ಲಾರೂ ಕುಂತಾರ. ಏನ್ ಮಾಡಾಕತ್ತೀರಿ ನೀವು?"

"ಈಕಿ ಸಹಿ ಹಾಕವಲ್ಲಳ್ರಿ."

ಅವರು ಗ್ರೈಂಡರನ್ನೂ ಸವಿತಾಳನ್ನೂ ನೋಡಿದರು. ಹಾರವನ್ನು ಕಪಾಟಿನ ಮೇಲಿಟ್ಟು, ಧೋತರ ಎತ್ತಿ ಕಟ್ಟಿ, ನಮ್ಮ ನಡುವೆ ಕೂತರು. ಹಳೆಯ ಬೇರಿಂಗನ್ನು ಅವರೇ ಬಡಿದು ತೆಗೆದರು. ನಾನು ಗ್ರೀಸು ಒರೆಸಿ ಒಣಗಿಸಿದೆ. ಸವಿತಾ ಹೊಸದನ್ನು ಕೂರಿಸಿದಳು. ಹಾಲ್‌ನಿಂದ ಎರಡು ಸಲ ಕರೆ ಬಂತು, "ಬಂದ್ವಿ" ಎಂದು ಮೇಸ್ತ್ರಿಯೇ ಕೂಗಿ ಹೇಳಿದರು.

ತಿರುಪು ಬಿಗಿದಾದ ಮೇಲೆ ಸವಿತಾ ಅದನ್ನು ಮತ್ತೆ ಕಿವಿಯ ಹತ್ತಿರ ಹಿಡಿದು, ಒಂದು ಸುತ್ತು ತಿರುಗಿಸಿದಳು. ನಾವಿಬ್ಬರೂ ಅವಳ ಮುಖ ನೋಡುತ್ತ ಕೂತಿದ್ದೆವು. ಅವಳು ಇನ್ನೊಂದು ಸುತ್ತು ತಿರುಗಿಸಿದಳು. ಆಮೇಲೆ ಪೆನ್ನು ಕೇಳಿದಳು.